ಹಿಮದಲ್ಲಿ ಕಾಲೂರುವ ವಿದ್ಯೆ

ಕೃಷ್ಣೆಯ ದಂಡೆಯ ಮೇಲಿರುವ ನಮ್ಮ ನಾರಾಯಣಪುರದಲ್ಲಿ ಕುಳಿತು ಹಿಮದ ವಿಷಯವಾಗಿ ಬರೆಯುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಬೇಸಗೆ ಬಂದಿತೆಂದರೆ ಇಲ್ಲಿಯ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು. ಬಂಡೆಗಳು ಮಧ್ಯಾಹ್ನದ ಹೊತ್ತಿಗೆ ಕಾದ ಹಂಚಿನಂತಾಗುವವು. ಮಂಜುಗಡ್ಡೆಯೆಂಬುದನ್ನು ನಮ್ಮ ಮಕ್ಕಳಲ್ಲಿ ಅನೇಕರು ಸಂತೆಯ ಶರಬತ್ತಿನ ಲೋಟದಲ್ಲಿ ಮಾತ್ರ ಕಂಡಿರುವರು. ಹೀಗಿರುವಲ್ಲಿ ಹಿಮಪರ್ವತವನ್ನೇರುವ ವಿದ್ಯೆಗೂ ನಮ್ಮ ಹೆಣ್ಣುಮಕ್ಕಳಿಗೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಉತ್ತರಗಳುಂಟು.

ಮೊದಲನೆಯದು, ಹಿಮಾಲಯವು ಈಗ ನಮಗೆ ದೂರವಾಗಿ ಉಳಿದಿಲ್ಲ. ಎನ್.ಸಿ.ಸಿ.ಯಲ್ಲಿ ಸೇರಿದ ಬಾಲಕಿಯರನ್ನು ಆರಿಸಿ ಪರ್ವತಾರೋಹಣ ಸಂಸ್ಥೆಗಳಿಗೆ ಕಳುಹಿಸುವ ಪದ್ಧತಿಯು ನಮ್ಮ ದೇಶದಲ್ಲಿ ನಡೆದುಬಂದಿದೆ. ಕಾಲೇಜು ಸೇರಿದ ಮಗಳು ರಜೆಯಲ್ಲಿ ಮನೆಗೆ ಬಂದು, “ಅವ್ವಾ, ನಾನೂ ಹೋಗಲೇ?” ಎಂದು ಕೇಳುವ ದಿನವು ಯಾವ ಮನೆಗಾದರೂ ಬರಬಹುದು. ಎರಡನೆಯ ಉತ್ತರವು ದುಃಖಕರವಾದುದು. ೨೦೨೪ರ ಜೂನ್ ತಿಂಗಳ ಮೊದಲ ವಾರದಲ್ಲಿ ಕರ್ನಾಟಕದಿಂದ ಹೊರಟ ಚಾರಣಿಗರ ತಂಡವೊಂದು ಉತ್ತರಾಖಂಡದ ಸಹಸ್ರತಾಲದ ಎತ್ತರದ ದಾರಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿತು. ದಾರಿಯು ಕಾಣದೆ, ಚಳಿಯನ್ನು ತಾಳಲಾರದೆ, ೨೨ ಜನರಿದ್ದ ಆ ತಂಡದಲ್ಲಿ ೯ ಜನರು ಪ್ರಾಣವನ್ನು ಕಳೆದುಕೊಂಡರು. ಉಳಿದವರನ್ನು ರಕ್ಷಣಾ ದಳದವರೂ ವಾಯುಸೇನೆಯ ಹೆಲಿಕಾಪ್ಟರುಗಳೂ ಕರೆತಂದವು. ಅವರು ಶಿಖರವನ್ನೇರಲು ಹೋದವರಲ್ಲ, ಕಾಲುದಾರಿಯಲ್ಲಿ ನಡೆಯಲು ಹೋದವರು. ಕಾಲವೂ ನಮ್ಮ ಲೆಕ್ಕದ ಚಳಿಗಾಲವಾಗಿರಲಿಲ್ಲ. ಆ ಎತ್ತರದಲ್ಲಿ ಚಳಿಗಾಲವು ಪಂಚಾಂಗವನ್ನು ನೋಡಿ ಬರುವುದಿಲ್ಲವೆಂಬುದನ್ನು ಆ ವಾರ್ತೆಯು ಕನ್ನಡ ನಾಡಿನ ಅನೇಕ ಮನೆಗಳಿಗೆ ತಿಳಿಸಿತು.

ಆದಕಾರಣ ಈ ವಿದ್ಯೆಯೆಂದರೇನು, ಅದನ್ನು ಎಲ್ಲಿ ಹೇಗೆ ಕಲಿಸುವರು, ಅದರಿಂದ ಯಾವ ರಕ್ಷಣೆಯು ದೊರೆಯುವುದು, ಯಾವುದು ದೊರೆಯದು ಎಂಬುದನ್ನು ನಮ್ಮ ಶಾಲೆಯ ಪೂರ್ವ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ತಿಳಿದಿರುವುದು ಒಳ್ಳೆಯದೆಂದು ಭಾವಿಸಿ ಈ ಕೆಲವು ಮಾತುಗಳನ್ನು ಬರೆದಿದೆ.

ನೆರೆನಾಡಿನ ಒಬ್ಬ ಬಾಲಕಿ

ಬಿಸಿಲಿನ ನಾಡಿನವರಿಗೆ ಹಿಮವು ಸಲ್ಲದೆಂಬ ಮಾತನ್ನು ಮೊದಲು ಪರೀಕ್ಷಿಸೋಣ. ನಮ್ಮ ಸುರಪುರ, ಶಹಾಪುರ, ಯಾದಗಿರಿಗಳೂ ಈಗಿನ ತೆಲಂಗಾಣವೂ ೧೯೫೬ರ ವರೆಗೆ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನೆಲವೂ ಬಿಸಿಲೂ ಕರಿಬಂಡೆಗಳ ಗುಡ್ಡಗಳೂ ಎರಡು ಕಡೆಗಳಲ್ಲಿ ಹೆಚ್ಚುಕಡಿಮೆ ಒಂದೇ ಬಗೆಯವು. ಆ ತೆಲಂಗಾಣದ ನಿಜಾಮಾಬಾದ್ ಜಿಲ್ಲೆಯ ಪಾಕಾಲ ಎಂಬ ಹಳ್ಳಿಯ ಬಡ ಕುಟುಂಬದಲ್ಲಿ ಹುಟ್ಟಿದ ಮಲಾವತ್ ಪೂರ್ಣಾ ಎಂಬ ಬಾಲಕಿಯು ಸಮಾಜಕಲ್ಯಾಣ ಇಲಾಖೆಯ ವಸತಿಶಾಲೆಯಲ್ಲಿ ಓದುತ್ತಿದ್ದಳು. ಅವಳಿಗೆ ಮೊದಲು ಕಲಿಸಿದುದು ಭುವನಗಿರಿಯ ದೊಡ್ಡ ಬಂಡೆಯ ಮೇಲೆ. ಬಳಿಕ ಡಾರ್ಜಿಲಿಂಗಿನ ಸಂಸ್ಥೆಯಲ್ಲಿಯೂ ಲಡಾಖಿನ ಕೊರೆಯುವ ಚಳಿಯಲ್ಲಿಯೂ ಅಭ್ಯಾಸವಾಯಿತು. ೨೦೧೪ನೆಯ ಮೇ ೨೫ರಂದು, ಹದಿನಾಲ್ಕು ವರ್ಷ ತುಂಬುವುದಕ್ಕೆ ಮುಂಚೆಯೇ, ಅವಳು ಟಿಬೆಟಿನ ಪಾರ್ಶ್ವದಿಂದ ಎವರೆಸ್ಟ್ ಶಿಖರವನ್ನು ಮುಟ್ಟಿದಳು.

ಅಷ್ಟು ಎಳೆಯ ವಯಸ್ಸಿನಲ್ಲಿ ಅಷ್ಟು ಎತ್ತರಕ್ಕೆ ಹೋಗುವುದು ಎಲ್ಲ ಮಕ್ಕಳಿಗೂ ತಕ್ಕ ಮಾದರಿಯೆಂದು ನಾವು ಹೇಳುವುದಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿಯು ಬೇರೆ. ಬಿಸಿಲ ಬಂಡೆಯಿಂದ ಹಿಮಶಿಖರದ ವರೆಗೆ ಅವಳನ್ನು ಕರೆದೊಯ್ದುದು ಕೇವಲ ಧೈರ್ಯವಲ್ಲ, ಒಂದರ ಮೇಲೊಂದರಂತೆ ಕ್ರಮವಾಗಿ ಕಲಿತ ಪಾಠಗಳು.

ಈ ವಿದ್ಯೆಯ ಶಾಲೆಗಳು

೧೯೫೩ನೆಯ ಮೇ ೨೯ರಂದು ತೇನ್‌ಸಿಂಗ್ ಮತ್ತು ಹಿಲರಿಯವರು ಎವರೆಸ್ಟನ್ನು ಏರಿದ ಮರುವರ್ಷವೇ, ಎಂದರೆ ೧೯೫೪ರ ನವೆಂಬರಿನಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆಯು ಸ್ಥಾಪಿತವಾಯಿತು. ತೇನ್‌ಸಿಂಗರೇ ಅಲ್ಲಿ ಕ್ಷೇತ್ರ ಶಿಕ್ಷಣದ ಮುಖ್ಯಸ್ಥರಾದರು. ೧೯೬೧ರಲ್ಲಿ ಮನಾಲಿಯಲ್ಲಿಯೂ ೧೯೬೫ರಲ್ಲಿ ಉತ್ತರಕಾಶಿಯಲ್ಲಿಯೂ ಇಂತಹ ಸಂಸ್ಥೆಗಳು ಹುಟ್ಟಿದವು. ಉತ್ತರಕಾಶಿಯದು ನೆಹರು ಪರ್ವತಾರೋಹಣ ಸಂಸ್ಥೆ ಎಂಬ ಹೆಸರಿನದು. ಕಾಶ್ಮೀರದ ಪಹಲ್‌ಗಾಮಿನಲ್ಲಿಯೂ ಒಂದು ಇದೆ. ನಮ್ಮ ರಾಜ್ಯದಲ್ಲಿ, ಕೊಡಗಿನ ವೀರರಾದ ಜನರಲ್ ತಿಮ್ಮಯ್ಯನವರ ಹೆಸರನ್ನು ಹೊತ್ತ ರಾಷ್ಟ್ರೀಯ ಸಾಹಸ ಅಕಾಡೆಮಿಯು ಶಿಲಾರೋಹಣ ಮುಂತಾದವುಗಳಲ್ಲಿ ಶಿಕ್ಷಣವನ್ನು ಕೊಡುತ್ತದೆ.

ಉತ್ತರಕಾಶಿಯ ಸಂಸ್ಥೆಯಲ್ಲಿ ಕಲಿತವರಲ್ಲಿ ಬಚೇಂದ್ರಿ ಪಾಲ್ ಅವರ ಹೆಸರನ್ನು ಯಾರು ಕೇಳಿಲ್ಲ? ೧೯೫೪ರಲ್ಲಿ ಆ ಜಿಲ್ಲೆಯ ನಾಕುರಿ ಎಂಬ ಹಳ್ಳಿಯಲ್ಲಿ ಹುಟ್ಟಿ, ಬಿ.ಎಡ್. ಪಾಸುಮಾಡಿದ ಮಗಳು ಉಪಾಧ್ಯಾಯಿನಿಯಾಗಿ ನೆಲೆಗೊಳ್ಳಬೇಕೆಂದು ಮನೆಯವರು ಬಯಸಿದ್ದರು. ಪರ್ವತದ ದಾರಿಯನ್ನು ಅವರು ಮೊದಲಿಗೆ ಮೆಚ್ಚಲಿಲ್ಲ. ೧೯೮೪ನೆಯ ಮೇ ೨೩ರಂದು ಅವರು ಎವರೆಸ್ಟನ್ನೇರಿದ ಮೊದಲನೆಯ ಭಾರತೀಯ ಮಹಿಳೆಯಾದರು. ಅದಕ್ಕೆ ಕೆಲವೇ ದಿನಗಳ ಹಿಂದೆ ಅವರು ಮಲಗಿದ್ದ ಡೇರೆಯ ಮೇಲೆ ಹಿಮಕುಸಿತವು ಬಂದೆರಗಿ ಅವರು ಗಾಯಗೊಂಡಿದ್ದರು.

ಈ ಸಂಸ್ಥೆಗಳ ಪ್ರಾಥಮಿಕ ಶಿಕ್ಷಣವು ಸಾಮಾನ್ಯವಾಗಿ ೨೮ ದಿನಗಳದು. ಹಗ್ಗ, ಬೂಟು, ಡೇರೆ ಮೊದಲಾದ ಸಾಮಾನುಗಳನ್ನು ಸಂಸ್ಥೆಯೇ ಒದಗಿಸುವುದು. ವೈದ್ಯರ ಪ್ರಮಾಣಪತ್ರವು ಅವಶ್ಯವಾಗಿ ಬೇಕು. ಕೊನೆಗೆ ದರ್ಜೆಯನ್ನು ಕೊಡುವರು. ‘ಎ’ ದರ್ಜೆ ಪಡೆದವರಿಗೆ ಮಾತ್ರ ಮುಂದಿನ ಶಿಕ್ಷಣಕ್ಕೆ ಪ್ರವೇಶವುಂಟು. ವಯೋಮಿತಿ ಮತ್ತು ಶುಲ್ಕಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅವನ್ನು ಆಯಾ ಸಂಸ್ಥೆಯಿಂದಲೇ ಕೇಳಿ ತಿಳಿಯತಕ್ಕದ್ದು.

ಬಂಡೆಯ ಪಾಠ

ಹಿಮವನ್ನು ಕಲಿಯಲು ಹೋದವರಿಗೆ ಮೊದಲ ದಿನಗಳಲ್ಲಿ ಹಿಮವು ಕಾಣಸಿಗುವುದೇ ಇಲ್ಲ. ಡಾರ್ಜಿಲಿಂಗಿನಲ್ಲಿ ತೇನ್‌ಸಿಂಗ್ ಬಂಡೆಯ ಮೇಲೆ, ಉತ್ತರಕಾಶಿಯಲ್ಲಿ ತೇಖ್ಲಾ ಎಂಬಲ್ಲಿಯ ಬಂಡೆಗಳ ಮೇಲೆ ಪಾಠವು ಆರಂಭವಾಗುವುದು. ಮೊದಲು ಗಂಟುಗಳನ್ನು ಕಲಿಸುವರು. ಬಾವಿಯ ಕೊಡಕ್ಕೆ ಕುಣಿಕೆ ಹಾಕಿ ಬಲ್ಲ ನಮ್ಮ ಹುಡುಗಿಯರಿಗೆ ಇದು ತೀರ ಹೊಸದಲ್ಲ. ಆದರೆ ಇಲ್ಲಿ ಕುಣಿಕೆಗೆ ಕಟ್ಟುವುದು ಕೊಡವನ್ನಲ್ಲ, ಗೆಳತಿಯ ಪ್ರಾಣವನ್ನು. ಎಂಟರ ಅಂಕಿಯ ಆಕಾರದ ಗಂಟನ್ನು ಕತ್ತಲೆಯಲ್ಲಿಯೂ, ಕೈಗವಸು ತೊಟ್ಟುಕೊಂಡೂ ಹಾಕಲು ಬರುವ ವರೆಗೆ ಅಭ್ಯಾಸ ಮಾಡಬೇಕು. ಹಾಕಿದ ಗಂಟನ್ನು ಜೊತೆಗಾರಳು ಪರೀಕ್ಷಿಸಿಯೇ ಹೆಜ್ಜೆಯಿಡಬೇಕು.

ಬಂಡೆಯನ್ನೇರುವಾಗ ಎರಡು ಕೈ ಎರಡು ಕಾಲುಗಳಲ್ಲಿ ಮೂರು ಸ್ಥಿರವಾಗಿದ್ದು ಒಂದು ಮಾತ್ರ ಚಲಿಸಬೇಕೆಂಬುದು ನಿಯಮ. ದೇಹದ ಭಾರವನ್ನು ಕೈಗಳು ಹೊರತಕ್ಕದ್ದಲ್ಲ, ಕಾಲುಗಳು ಹೊರತಕ್ಕದ್ದು. ಒಬ್ಬಳು ಏರುತ್ತಿರುವಾಗ ಇನ್ನೊಬ್ಬಳು ಕೆಳಗೆ ಅಥವಾ ಮೇಲೆ ನಿಂತು ಹಗ್ಗವನ್ನು ಹಿಡಿದಿರುವಳು. ಈ ಹಗ್ಗ ಹಿಡಿಯುವ ಕೆಲಸಕ್ಕೆ ಬಿಲೇ ಎಂದು ಹೆಸರು. ಏರುವವಳನ್ನು ಎಲ್ಲರೂ ನೋಡುವರು. ಹಗ್ಗ ಹಿಡಿದವಳನ್ನು ಯಾರೂ ನೋಡರು. ಆದರೂ ಏರುವವಳ ಕಾಲು ಜಾರಿದ ಕ್ಷಣದಲ್ಲಿ ಅವಳ ಜೀವವೆಲ್ಲ ಈಕೆಯ ಕೈಯಲ್ಲಿರುವುದು. ಇಪ್ಪತ್ತು ನಿಮಿಷ ಕಣ್ಣನ್ನು ಅತ್ತಿತ್ತ ಹೊರಳಿಸದೆ ನಿಲ್ಲುವ ಈ ಗಮನವನ್ನು ಪುಸ್ತಕದಿಂದ ಕಲಿಯಲಾಗದು.

ಶಹಾಪುರದಲ್ಲಿ ಮಲಗಿದ ಬುದ್ಧನಂತೆ ಕಾಣುವ ಬೆಟ್ಟವೂ, ಸುರಪುರದ ಗುಡ್ಡಗಳೂ, ಯಾದಗಿರಿಯ ಕೋಟೆಯ ಬಂಡೆಯೂ ಇಂತಹ ಪಾಠಕ್ಕೆ ಅಯೋಗ್ಯವಾದ ಕಲ್ಲುಗಳಲ್ಲ. ಆದರೆ ತಿಳಿದ ಗುರುವೂ ಸರಿಯಾದ ಹಗ್ಗವೂ ಇಲ್ಲದೆ ಅವುಗಳ ಮೇಲೆ ಪ್ರಯೋಗ ಮಾಡುವುದು ವಿದ್ಯೆಯಲ್ಲ, ಅವಿವೇಕ.

ಹಿಮದ ಪಾಠ

ಆಮೇಲೆ ಬೆನ್ನಿನ ಮೇಲೆ ಮೂಟೆಯನ್ನು ಹೊತ್ತು ಎತ್ತರದ ಪಾಳೆಯಕ್ಕೆ ನಡೆಯಬೇಕು. ಡಾರ್ಜಿಲಿಂಗಿನ ಶಿಷ್ಯರು ಸಿಕ್ಕಿಮಿನ ಯುಕ್ಸಮ್‌ನಿಂದ ಕಾಡುದಾರಿ ಹಿಡಿದು, ಜೋಂಗ್ರಿಯನ್ನು ದಾಟಿ, ರಾಥೋಂಗ್ ಹಿಮನದಿಯ ಕಡೆಗೆ ಹೋಗುವರು. ಹಿಮನದಿಯೆಂದರೆ ಹೆಪ್ಪುಗಟ್ಟಿದ ನೀರಿನ ನದಿ. ನಮ್ಮ ಕೃಷ್ಣೆಯಂತೆ ಅದೂ ಇಳಿಜಾರಿನಲ್ಲಿ ಹರಿಯುವುದು; ಆದರೆ ಅದರ ನಡಿಗೆಯು ಕಣ್ಣಿಗೆ ಕಾಣಿಸದಷ್ಟು ನಿಧಾನ. ಹರಿಯುವಾಗ ಅದರ ಮೈ ಸೀಳಿ ಆಳವಾದ ಬಿರುಕುಗಳಾಗುವವು. ಹೊಸ ಹಿಮವು ಬಿದ್ದು ಆ ಬಿರುಕುಗಳ ಬಾಯಿಯನ್ನು ಮುಚ್ಚಿಬಿಟ್ಟರೆ ಮೇಲಿನಿಂದ ನೋಡುವವರಿಗೆ ಸಮನಾದ ಬಿಳಿಯ ಬಯಲೇ ಕಾಣುವುದು. ಆದಕಾರಣ ಅಲ್ಲಿ ಯಾರೂ ಒಂಟಿಯಾಗಿ ನಡೆಯರು. ಮೂವರೋ ನಾಲ್ವರೋ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ನಡುವೆ ಅಂತರವಿಟ್ಟು, ಹಗ್ಗವು ಸಡಿಲವಾಗದಂತೆ ಸಾಗುವರು. ಒಬ್ಬಳು ಬಿರುಕಿಗೆ ಬಿದ್ದರೆ ಉಳಿದವರು ಅವಳನ್ನು ತಡೆದು, ಹಗ್ಗವನ್ನು ಹಿಮದಲ್ಲಿ ಭದ್ರಪಡಿಸಿ, ಕ್ರಮದಿಂದ ಮೇಲಕ್ಕೆಳೆಯಬೇಕು.

ಇಲ್ಲಿಯ ಮುಖ್ಯ ಸಾಧನಗಳು ಎರಡು. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳುಗಳ ಚೌಕಟ್ಟು ಒಂದು. ಅದನ್ನು ಕ್ರ್ಯಾಂಪನ್ ಎನ್ನುವರು. ಎರಡನೆಯದು ಐಸ್ ಆಕ್ಸ್ ಎಂಬ ಹಿಮಗೊಡಲಿ. ಅದರ ತಲೆಯ ಒಂದು ಕಡೆ ಚೂಪಾದ ಕೊಕ್ಕು, ಇನ್ನೊಂದು ಕಡೆ ಮೆಟ್ಟಿಲು ಕಡಿಯುವ ಅಲಗು, ಹಿಡಿಯ ತುದಿಯಲ್ಲಿ ಮೊನೆ ಇರುತ್ತವೆ. ಮುಳ್ಳುಗಳನ್ನು ಕಟ್ಟಿಕೊಂಡವಳು ಕಾಲುಗಳನ್ನು ಸ್ವಲ್ಪ ಅಗಲಿಸಿ, ಪಾದವನ್ನು ಪೂರ್ತಿಯಾಗಿ ಊರಿ ನಡೆಯಬೇಕು. ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಬಟ್ಟೆಗೆ ಸಿಕ್ಕಿ ಅವಳನ್ನೇ ಕೆಡಹುವುದು.

ಇನ್ನು ಈ ವಿದ್ಯೆಯ ಹೃದಯವೆನ್ನತಕ್ಕ ಪಾಠಕ್ಕೆ ಬರೋಣ. ಹಿಮದ ಮೇಲೆ ಮೊದಲು ಕಲಿಸುವುದು ಏರುವುದನ್ನಲ್ಲ, ಬಿದ್ದಾಗ ನಿಲ್ಲುವುದನ್ನು. ಕೆಳಗೆ ಬಂಡೆಗಳಾಗಲಿ ಬಿರುಕುಗಳಾಗಲಿ ಇಲ್ಲದ ಒಂದು ಇಳಿಜಾರನ್ನು ಗುರುಗಳು ಆರಿಸುವರು. ಅಲ್ಲಿ ಶಿಷ್ಯಳು ಬೇಕೆಂದೇ ಜಾರಬೇಕು. ಜಾರಿದೊಡನೆ ಒಂದು ಕೈಯಿಂದ ಹಿಮಗೊಡಲಿಯ ತಲೆಯನ್ನು, ಇನ್ನೊಂದರಿಂದ ಹಿಡಿಯ ಕೆಳತುದಿಯನ್ನು ಹಿಡಿದು, ಅದನ್ನು ಎದೆಗೆ ಅಡ್ಡಲಾಗಿ ಒತ್ತಿಕೊಂಡು, ಮಗ್ಗುಲು ಹೊರಳಿ ಬೋರಲಾಗಿ, ಕೊಕ್ಕನ್ನು ಹೆಗಲಿನ ಬಳಿಯಲ್ಲಿ ಹಿಮಕ್ಕೆ ನಾಟಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಕಾಲಿಗೆ ಮುಳ್ಳುಗಳನ್ನು ಕಟ್ಟಿದ್ದರೆ ಪಾದಗಳನ್ನು ಮೇಲಕ್ಕೆತ್ತಿರಬೇಕು. ಮುಳ್ಳು ಹಿಮಕ್ಕೆ ಸಿಕ್ಕಿದರೆ ದೇಹವು ತಲೆಕೆಳಗಾಗಿ ಪಲ್ಟಿಯಾಗುವುದು. ಇದನ್ನು ಹೊಟ್ಟೆಯ ಮೇಲೆ ಜಾರಿ, ಬೆನ್ನಿನ ಮೇಲೆ ಜಾರಿ, ತಲೆ ಮುಂದಾಗಿ ಜಾರಿ, ಹಲವಾರು ಸಲ ಮಾಡಿಸುವರು. ನಿಜವಾದ ಬೀಳುವಿಕೆಯಲ್ಲಿ ಆಲೋಚಿಸಲು ಸಮಯವಿರುವುದಿಲ್ಲ. ವೇಗವು ಹೆಚ್ಚಿದ ಮೇಲೆ ಯಾವ ಕೊಡಲಿಯೂ ತಡೆಯದು. ಆದಕಾರಣ ಕೈಯೇ ತಾನಾಗಿ ಬಲ್ಲಂತಾಗುವ ವರೆಗೂ ಅಭ್ಯಾಸವು ಸಾಗುವುದು.

ತಪ್ಪುವುದಕ್ಕೆ ನಾಚದೆ, ತಪ್ಪಿದ ಕೂಡಲೆ ತನ್ನನ್ನು ತಾನೇ ತಡೆದುಕೊಳ್ಳುವುದನ್ನು ಮೊದಲ ಪಾಠವಾಗಿ ಇಟ್ಟುಕೊಂಡ ಶಾಲೆಗಳು ಲೋಕದಲ್ಲಿ ಹೆಚ್ಚಾಗಿಲ್ಲ.

ಚಳಿಯೂ ತೆಳುಗಾಳಿಯೂ

ನಮ್ಮ ಜಲಾಶಯದ ಪೂರ್ಣ ಮಟ್ಟವು ಸಮುದ್ರಕ್ಕಿಂತ ಸುಮಾರು ೪೯೨ ಮೀಟರ್ ಎತ್ತರದಲ್ಲಿದೆ. ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣಮಾನವು ಸರಾಸರಿ ಆರೂವರೆ ಡಿಗ್ರಿ ಇಳಿಯುವುದು. ನಾಲ್ಕು ಸಾವಿರ ಮೀಟರಿಗೆ ೨೬ ಡಿಗ್ರಿ ಇಳಿದಂತಾಯಿತು. ಅದರ ಮೇಲೆ ಗಾಳಿಯು ಮೈಯ ಕಾವನ್ನು ಕಿತ್ತೊಯ್ಯುವುದು. ಬಟ್ಟೆಯು ಒದ್ದೆಯಾಗಿದ್ದರಂತೂ ನಷ್ಟವು ಬಹಳ ಬೇಗ. ನಮ್ಮ ಸೀಮೆಯಲ್ಲಿ ಹಿತವಾದ ಹತ್ತಿಯ ಬಟ್ಟೆಯು ಅಲ್ಲಿ ಶತ್ರು: ಬೆವರನ್ನೂ ಹಿಮವನ್ನೂ ಹೀರಿಕೊಂಡು ಮೈಗಂಟಿ ತಣ್ಣಗಾಗುವುದು. ಉಣ್ಣೆಯು ಒದ್ದೆಯಾದರೂ ಸ್ವಲ್ಪ ಕಾವನ್ನು ಉಳಿಸುವುದು. ಒಂದು ದಪ್ಪ ಕೋಟಿಗಿಂತ ಒಂದರ ಮೇಲೊಂದಾಗಿ ತೊಟ್ಟ ಮೂರು ತೆಳು ಬಟ್ಟೆಗಳೂ, ಮೇಲೆ ಗಾಳಿ ತಡೆಯುವ ಅಂಗಿಯೂ ಉತ್ತಮ.

ದೇಹದ ಒಳಗಿನ ಶಾಖವು ೩೫ ಡಿಗ್ರಿಗಿಂತ ಕೆಳಗಿಳಿದರೆ ಅಪಾಯವು ಆರಂಭವಾಯಿತೆಂದು ತಿಳಿಯಬೇಕು. ಮೊದಲು ತಡೆಯಲಾರದ ನಡುಕ. ಬಳಿಕ ಮಾತಿನಲ್ಲಿ ತೊದಲು, ಹೆಜ್ಜೆಯಲ್ಲಿ ತಪ್ಪು, ಗುಂಡಿ ಹಾಕಲಾರದ ಬೆರಳು. ಆಮೇಲೆ ನಡುಕವು ನಿಂತುಹೋಗುವುದು. ನಡುಕ ನಿಂತಿತೆಂದು ಸಮಾಧಾನಪಡುವುದು ದೊಡ್ಡ ತಪ್ಪು. ಅದು ಕಡುಕೇಡಿನ ಚಿಹ್ನೆ. ಈ ಸ್ಥಿತಿಯಲ್ಲಿ ಬುದ್ಧಿಯೂ ಮಂಕಾಗುವುದರಿಂದ ರೋಗಿಯು “ನನಗೇನೂ ಆಗಿಲ್ಲ” ಎಂದೇ ಹೇಳುವಳು. ಆದಕಾರಣ ಪರಸ್ಪರ ಮುಖವನ್ನು ನೋಡುತ್ತ, ಮಾತಾಡಿಸುತ್ತ ನಡೆಯಬೇಕೆಂದು ಕಲಿಸುವರು. ಗಾಳಿಯಿಂದ ಮರೆಮಾಡಿ, ಒದ್ದೆ ಬಟ್ಟೆಯನ್ನು ತೆಗೆದು, ಒಣಬಟ್ಟೆ ಹೊದಿಸಿ, ಎಚ್ಚರವಿದ್ದರೆ ಬಿಸಿಯಾದ ಸಿಹಿಪಾನವನ್ನು ಕೊಡತಕ್ಕದ್ದು. ಮರಗಟ್ಟಿದ ಬೆರಳುಗಳನ್ನು ಹಿಮದಿಂದ ಉಜ್ಜಬೇಕೆಂಬ ಹಳೆಯ ನಂಬಿಕೆಯು ತಪ್ಪು. ಅದರಿಂದ ಗಾಯವು ಹೆಚ್ಚುವುದು.

ಎರಡನೆಯ ಶತ್ರುವು ಕಣ್ಣಿಗೆ ಕಾಣದು. ೫,೫೦೦ ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರತೀರದಲ್ಲಿರುವುದರ ಸುಮಾರು ಅರ್ಧವಾಗುವುದು. ಒಂದೊಂದು ಉಸಿರಿನಲ್ಲಿ ಸಿಗುವ ಪ್ರಾಣವಾಯುವೂ ಅಷ್ಟೇ ಕಡಿಮೆ. ದೇಹಕ್ಕೆ ಹೊಂದಿಕೊಳ್ಳಲು ದಿನಗಳು ಬೇಕು. ಮೂರು ಸಾವಿರ ಮೀಟರನ್ನು ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ ೫೦೦ ಮೀಟರಿಗಿಂತ ಹೆಚ್ಚು ಏರಿಸಬಾರದೆಂದೂ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಮಿಸಬೇಕೆಂದೂ ವೈದ್ಯರು ಹೇಳುವರು. ತಲೆನೋವು, ವಾಕರಿಕೆ, ನಿದ್ರೆಗೇಡು ಇವು ಮೊದಲ ಎಚ್ಚರಿಕೆಗಳು. ಕುಳಿತಲ್ಲಿಯೇ ಏದುಸಿರು ಬಂದರೆ, ನೆಟ್ಟಗೆ ನಡೆಯಲಾಗದಿದ್ದರೆ, ಮುಖ್ಯವಾದ ಔಷಧವು ಒಂದೇ: ಕೂಡಲೆ ಕೆಳಗಿಳಿಯುವುದು. ಅದು ರಾತ್ರಿಯಾಗಿರಲಿ, ಶಿಖರವು ಕೈಗೆಟಕುವಷ್ಟು ಹತ್ತಿರವಿರಲಿ, ಇಳಿಯತಕ್ಕದ್ದೇ.

ವಿದ್ಯೆಯ ಎಲ್ಲೆ

ಹಿಮಕುಸಿತದ ವಿಷಯವನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ವಾಚಕರಿಗೆ ಅರ್ಧ ಸತ್ಯವನ್ನೇ ಹೇಳಿದಂತಾಗುವುದು. ಹಿಮವು ಪದರಪದರವಾಗಿ ಬೀಳುವುದು. ಕೆಳಗಿನ ಪದರವು ದುರ್ಬಲವಾಗಿದ್ದರೆ ಮೇಲಿನದು ಹಾಸುಗಲ್ಲಿನಂತೆ ಒಮ್ಮೆಲೆ ಕಳಚಿ ಜಾರುವುದು. ೩೦ರಿಂದ ೪೫ ಡಿಗ್ರಿ ಇಳಿಜಾರಿನಲ್ಲಿ ಇದು ಹೆಚ್ಚು. ಹೊಸ ಹಿಮ ಬಿದ್ದ ಒಂದೆರಡು ದಿನಗಳು ವಿಶೇಷ ಅಪಾಯದವು. ಹಿಮದಲ್ಲಿ ಗುಂಡಿ ತೋಡಿ ಪದರಗಳನ್ನು ಪರೀಕ್ಷಿಸುವುದನ್ನೂ, ಹೂತುಹೋದವರನ್ನು ಸಂಕೇತಯಂತ್ರದಿಂದಲೂ ಉದ್ದ ಕೋಲಿನಿಂದಲೂ ಹುಡುಕುವುದನ್ನೂ ಕಲಿಸುವರು. ಸುಮಾರು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬದುಕುವ ಭರವಸೆಯು ಹೆಚ್ಚು; ಆಮೇಲೆ ಅದು ಬೇಗನೆ ಕುಗ್ಗುವುದು.

ಇಷ್ಟೆಲ್ಲ ಬಲ್ಲವರಿಗೂ ಕೇಡು ಬಂದುದುಂಟು. ೨೦೨೨ನೆಯ ಅಕ್ಟೋಬರ್ ೪ರಂದು ಉತ್ತರಕಾಶಿಯ ಸಂಸ್ಥೆಯ ಉನ್ನತ ಶಿಕ್ಷಣದ ತಂಡವು ೫,೬೭೦ ಮೀಟರ್ ಎತ್ತರದ ದ್ರೌಪದಿ ಕಾ ದಂಡಾ ಎರಡನೆಯ ಶಿಖರದ ಸಮೀಪದಲ್ಲಿದ್ದಾಗ ಹಿಮಕುಸಿತಕ್ಕೆ ಸಿಕ್ಕಿತು. ಶಿಷ್ಯರೂ ಗುರುಗಳೂ ಸೇರಿ ೨೯ ಜನರು ಇಲ್ಲವಾದರು. ಅವರಲ್ಲಿ ಕರ್ನಾಟಕದ ತರುಣರೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ ಹದಿನಾರು ದಿನಗಳೊಳಗೆ ಎವರೆಸ್ಟ್ ಮತ್ತು ಮಕಾಲು ಶಿಖರಗಳೆರಡನ್ನೂ ಏರಿದ್ದ ಶಿಕ್ಷಕಿ ಸವಿತಾ ಕಂಸ್ವಾಲ್ ಅವರೂ ಅಲ್ಲಿಯೇ ತೀರಿಕೊಂಡರು. ವಿದ್ಯೆಯು ಅಪಾಯವನ್ನು ಕಡಿಮೆಮಾಡುವುದು, ಇಲ್ಲದಂತೆ ಮಾಡಲಾರದು. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಹುರಿದುಂಬಿಸುವವರು ಹಿತವಂತರಲ್ಲ.

ತಾಯಿತಂದೆಗಳು ಕೇಳಬೇಕಾದುದು

ಹಾಗಾದರೆ ಮಗಳನ್ನು ಕಳುಹಿಸಬೇಕೋ ಬೇಡವೋ? ಇದಕ್ಕೆ ಎಲ್ಲ ಮನೆಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಆದರೆ ಒಪ್ಪಿಗೆಗೆ ಮುಂಚೆ ಕೇಳತಕ್ಕ ಪ್ರಶ್ನೆಗಳುಂಟು. ಕರೆದೊಯ್ಯುವವರು ಯಾರು, ಅವರೆಲ್ಲಿ ಕಲಿತವರು? ಎತ್ತರಕ್ಕೆ ಹೊಂದಿಕೊಳ್ಳಲು ಎಷ್ಟು ದಿನಗಳನ್ನಿಟ್ಟಿರುವರು? ಹವೆಯು ಕೆಟ್ಟರೆ ತಂಗಲು ಡೇರೆಯೂ, ಹೆಚ್ಚಿನ ಆಹಾರವೂ, ಸುದ್ದಿ ಕಳುಹಿಸುವ ಸಾಧನವೂ ಉಂಟೋ? ಎಲ್ಲಕ್ಕಿಂತ ಮುಖ್ಯವಾಗಿ, ಯಾವ ಹೊತ್ತಿಗೆ, ಯಾವ ಚಿಹ್ನೆಯನ್ನು ಕಂಡು ಹಿಂದಿರುಗುವರೆಂದು ಮೊದಲೇ ಗೊತ್ತುಮಾಡಿರುವರೋ? ಕೊನೆಯ ಪ್ರಶ್ನೆಗೆ ನಗುವನ್ನೇ ಉತ್ತರವಾಗಿ ಕೊಡುವವರ ಕೂಡ ಮಗಳನ್ನು ಕಳುಹಿಸಬಾರದು. ಸಣ್ಣ ಚಾರಣವೆಂದು ಈ ಪ್ರಶ್ನೆಗಳನ್ನು ಬಿಡಲೂ ಬಾರದು. ಸಹಸ್ರತಾಲದ ದಾರಿಯೂ ಚಾರಣದ ದಾರಿಯೇ ಆಗಿತ್ತು.

ಹಿಂದಿರುಗುವುದೆಂದರೇನೆಂದು ನಮ್ಮವರಿಗೆ ದೂರದವರು ಬಂದು ಹೇಳಬೇಕಾಗಿಲ್ಲ. ೧೯೮೨ರಲ್ಲಿ ಮುಗಿದ ಬಸವಸಾಗರದ ಬಾಗಿಲುಗಳನ್ನು ಮಳೆಗಾಲದಲ್ಲಿ ತೆರೆದಾಗ ಕೃಷ್ಣೆಯು ಯಾವ ರೂಪವನ್ನು ತಾಳುವಳೆಂಬುದನ್ನು ನಾವು ಕಣ್ಣಾರೆ ಕಂಡವರು. ಹಿಂದಿನ ವರ್ಷಗಳಲ್ಲಿ ಹೊಳೆ ಬಂದಾಗ ನೀಲಕಂಠರಾಯನ ಗಡ್ಡಿಯ ಜನರು ಹೊರಲೋಕದ ಸಂಪರ್ಕವನ್ನೇ ಕಳೆದುಕೊಂಡು ನೀರಿಳಿಯುವುದನ್ನು ಕಾದಿರುವರು. ದಂಡೆಯಲ್ಲಿ ನಿಂತು, ನೀರಿನ ಬಣ್ಣವನ್ನೂ ಸದ್ದನ್ನೂ ನೋಡಿ, “ಇಂದು ಬ್ಯಾಡ, ನಾಳೆ ನೋಡೋಣ” ಎಂದು ಹಿಂದಿರುಗುವ ಹಿರಿಯನನ್ನು ಈ ಸೀಮೆಯಲ್ಲಿ ಯಾರೂ ಹೇಡಿಯೆಂದು ಕರೆದಿಲ್ಲ. ಹೊಳೆಯನ್ನು ಬಲ್ಲವನೆಂದೇ ಕರೆದಿರುವರು.

ಹಿಮಪರ್ವತದ ಶಾಲೆಯಲ್ಲಿ ಕೊನೆಗೆ ಕಲಿಸುವುದೂ ಅದನ್ನೇ. ಬಿದ್ದರೆ ತಡೆದುಕೊಳ್ಳುವುದು ಮೊದಲ ಪಾಠ, ಹೊತ್ತು ಮೀರುವ ಮುಂಚೆ ತಿರುಗುವುದು ಕೊನೆಯ ಪಾಠ. ಹೊಳೆಯ ದಂಡೆಯಲ್ಲಿ ಬೆಳೆದ ನಮ್ಮ ಹುಡುಗಿಯೊಬ್ಬಳು ಮುಂದೊಂದು ದಿನ ಅಲ್ಲಿಗೆ ಹೋದರೆ, ಶಿಖರವನ್ನು ಮುಟ್ಟಿದ ಸುದ್ದಿಗಾಗಿ ನಾವು ಹಿಗ್ಗುವೆವು. ಮುಟ್ಟದೆ, ಮೋಡವನ್ನು ಕಂಡು, ಗೆಳತಿಯರನ್ನು ಸುರಕ್ಷಿತವಾಗಿ ಕೆಳಗೆ ಕರೆತಂದಳೆಂಬ ಸುದ್ದಿ ಬಂದರೆ ಅದಕ್ಕೂ ಅಷ್ಟೇ ಹಿಗ್ಗುವೆವೆಂದು ಅವಳು ಹೊರಡುವ ಮುಂಚೆಯೇ ಅವಳಿಗೆ ಹೇಳಿ ಕಳುಹಿಸೋಣ.